ಕೊಬ್ಬರಿ ಮಾಗುವವರೆಗಿನ ಮನೆ

ಫೋನ್ ಮಾಡಿ "ಈಗ ಎಲ್ಲಿದ್ದೀರಿ?" ಎಂದು ಕೇಳುವುದು ನನ್ನ ಕೆಲಸ. ಗಲಭೆಯೋ ಪ್ರವಾಹವೋ ಗುಡ್ಡ ಕುಸಿತವೋ, ಯಾವುದರಿಂದಲಾದರೂ ಮನೆಮಠ ಕಳೆದುಕೊಂಡು ನಮ್ಮ ದೇಶದೊಳಗೇ ಅಲೆಯುತ್ತಿರುವ ಸಂಸಾರಗಳು ಇವತ್ತು ಯಾವ ಊರಿನಲ್ಲಿವೆ ಎಂದು ಪತ್ತೆ ಮಾಡಿ ಮೇಲಿನವರಿಗೆ ತಿಳಿಸಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕು ನನ್ನ ಪಾಲಿಗೆ ಬಂದಿವೆ. ಹೊಸದರಲ್ಲಿ, ನಮ್ಮ ಕಡೆಗೆ ಯಾರು ಬರುತ್ತಾರೆ, ಆರಾಮಾಗಿರಬಹುದು ಅಂದುಕೊಂಡಿದ್ದೆ. ತೋಟಗಳ ಒಳಗೆ ಹೊಕ್ಕ ಮೇಲೆ ಆ ಭ್ರಮೆ ಬಿಟ್ಟುಹೋಯಿತು. ಕಾಯಿ ಸುಲಿಯುವ ಕಣದಲ್ಲಿ, ನಾರಿನ ಫ್ಯಾಕ್ಟರಿಯ ಶೆಡ್ಡಿನಲ್ಲಿ, ಕೋಳಿ ಫಾರಂನಲ್ಲಿ, ಎಲ್ಲಿ ನೋಡಿದರೂ ಇವರೇ. ಆದರೆ ಕೇಳಿ ನೋಡಿ, ಒಬ್ಬರೂ "ಓಡಿ ಬಂದೆವು" ಅನ್ನುವುದಿಲ್ಲ. "ಕೆಲಸಕ್ಕೆ ಬಂದೆವು" ಅನ್ನುತ್ತಾರೆ. ಅದೇನೂ ಸುಳ್ಳಲ್ಲ, ಹಾಗಾಗಿ ನಾನೂ ವಾದಕ್ಕೆ ಹೋಗುವುದಿಲ್ಲ.

ಪತ್ತೆಯಾದವರು ಮುಂದಿನ ಸಲ ಅಲ್ಲೇ ಇರುತ್ತಾರೆ ಎಂಬ ಭರವಸೆಯಿಲ್ಲ. ಫೋನು ಸ್ವಿಚ್ ಆಫ್, ಇಲ್ಲವೇ ಇನ್ಯಾರೋ ಎತ್ತಿಕೊಂಡು ನನಗೇ "ಯಾರ್ರೀ ನೀವು?" ಎಂದು ಗದರುತ್ತಾರೆ. ಮೀಟಿಂಗಿನಲ್ಲಿ ಮೇಲಿನವರು "ಫಾಲೋಅಪ್ ಯಾಕೆ ಸರಿಯಾಗಿಲ್ಲ?" ಎಂದು ಕೇಳಿದಾಗ ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಸುಮ್ಮನೆ ತಲೆಯಾಡಿಸಿ ಟೀ ಕುಡಿದು ಎದ್ದು ಬರುತ್ತೇನೆ.

ಹೀಗೆ ಹುಡುಕುವಾಗ ಒಂದು ಗಂಡಹೆಂಡತಿ ಜೋಡಿ ಸಿಕ್ಕಿದ್ದು ಅರಳಗುಪ್ಪೆ ಕಡೆಯ ಒಂದು ತೋಟದ ಹಳೇ ಮನೆಯಲ್ಲಿ. ಅಸ್ಸಾಮಿನವರು. ಬ್ರಹ್ಮಪುತ್ರಾ ಅವರ ಊರನ್ನು ಮುಳುಗಿಸಿರಲಿಲ್ಲ, ದಂಡೆ ಕೊರೆದು ಕೊರೆದು ತಿಂದೇಹಾಕಿತ್ತು. ಮುಳುಗಿದ ಊರು ನೀರಿಳಿದ ಮೇಲಾದರೂ ಸಿಗುತ್ತದೆ. ಇವರದು ಇನ್ನು ಸಿಗುವಂತಿರಲಿಲ್ಲ. ಏರಿಯ ಮೇಲೆ ಟಾರ್ಪಾಲು, ಆಮೇಲೆ ಯಾವುದೋ ಸ್ಕೂಲು, ಆಮೇಲೆ ಇಟ್ಟಿಗೆ ಗೂಡು, ಹೀಗೆ ಸುತ್ತಿ ಸುತ್ತಿ ಕೂಲಿಗೆ ಜನ ಕರೆದೊಯ್ಯುವ ಒಬ್ಬ ಮೇಸ್ತ್ರಿಯ ಹಿಂದೆ ಇಲ್ಲಿಗೆ ಬಂದಿದ್ದರು. ಗಂಡ ಕಾಯಿ ಸುಲಿಯುತ್ತಿದ್ದ. ಹೆಂಡತಿ ಬಸುರಿ.

ಅವರಿಗೆ ಆ ಮನೆ ಬಿಟ್ಟಿಯಾಗಿ ಸಿಕ್ಕಿದ್ದರ ಹಿಂದೆ ನಮ್ಮ ಕಡೆಯ ಒಂದು ಲೆಕ್ಕಾಚಾರವಿದೆ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡಬೇಕು. ಕೆಳಗೆ ಸೌದೆ ಒಲೆ ಉರಿಯುತ್ತಿದ್ದರೆ ಹೊಗೆ, ಕಾವು ಮೇಲೇರಿ ಕಾಯಿ ಕೆಡದೆ ಒಣಗುತ್ತದೆ. ಹಿಂದೆ ಎಲ್ಲರ ಮನೆಯಲ್ಲೂ ಸೌದೆ ಒಲೆಯೇ ಇದ್ದದ್ದರಿಂದ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಈಗ ಯಜಮಾನರೆಲ್ಲ ಗ್ಯಾಸ್ ಒಲೆಯ ತಾರಸಿ ಮನೆಯಲ್ಲಿದ್ದಾರೆ, ಅಟ್ಟ ಮಾತ್ರ ಹಳೇ ಮನೆಯಲ್ಲಿದೆ. ಅದರ ಕೆಳಗೆ ಅಡುಗೆ ಮಾಡಿಕೊಂಡಿರಲು ಒಂದು ಸಂಸಾರ ಬೇಕು.

ಅವಳು ತೋಟದ ಯಜಮಾನರ ಹೆಂಡತಿಯಿಂದ ನಮ್ಮ ಮಾತು ಬೇಗ ಕಲಿತಿದ್ದಳು. ನಾನು ಹೋದಾಗಲೆಲ್ಲ ಕರಿ ಚಹಾ ಕೊಟ್ಟು ಒಂದೇ ಮಾತು ಹೇಳುತ್ತಿದ್ದಳು.

"ಇಲ್ಲೇ ಹೆರ್ತೀನಿ ಕಣಕ್ಕ. ಅಲ್ಲೀಗಂಟ ಎಲ್ಲೂ ಹೋಗಲ್ಲ."

ಹುಟ್ಟುವ ಮಗುವಿಗೆ ತನ್ನದು ಅಂತ ಹೇಳಿಕೊಳ್ಳಲು ಒಂದು ಊರು ಬೇಕು, ಅಷ್ಟೇ ಅವಳ ಆಸೆ. "ನನ್ನೂರು ಎಲ್ಲಿ ಅಂದ್ರೆ ನಾನು ನೀರು ತೋರಿಸ್ಬೇಕು. ನನ್ ಮಗು ನೆಲ ತೋರಿಸ್ಬೇಕು" ಅಂದಿದ್ದಳು. ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಿಕೊಟ್ಟೆ. ನನ್ನ ಕೆಲಸದಲ್ಲಿ ಮನಸ್ಸಿಗೆ ಹಿತವಾದದ್ದು ಅಪರೂಪ, ಅವತ್ತು ಹಿತವಾಗಿತ್ತು.

ಯಜಮಾನರು ಖುಷಿಯಾಗಿದ್ದರೆ ಹೆರಿಗೆವರೆಗೂ ಇಟ್ಟುಕೊಳ್ಳುತ್ತಾರೆ ಎಂದು ಅವಳು ನಂಬಿದ್ದಳು. ಅದಕ್ಕೇ ಅಡುಗೆ ಮುಗಿದ ಮೇಲೂ ಒಲೆ ಆರಲು ಬಿಡುತ್ತಿರಲಿಲ್ಲ. ಮಟ್ಟೆ ಒಟ್ಟುತ್ತಿದ್ದಳು, ಕರಟ ಒಟ್ಟುತ್ತಿದ್ದಳು. ಕಣ್ಣು ಕೆಂಪಗೆ ಮಾಡಿಕೊಂಡು ಕೆಮ್ಮುತ್ತಾ ಕೂತಿರುತ್ತಿದ್ದಳು. ನಾನು ಕೊಬ್ಬರಿ ಸೀಮೆಯಲ್ಲೇ ಹುಟ್ಟಿ ಬೆಳೆದವಳು. ಆದರೂ "ಹೊಗೆ ಕುಡೀಬೇಡ, ಹೊಟ್ಟೇಲಿ ಮಗು ಇದೆ" ಎಂದು ಬೈದೆನೇ ಹೊರತು ಅದರ ಮುಂದಿನದು ನನಗೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಹೋದಾಗ ಅಂಗಳದಲ್ಲಿ ಆಳುಗಳು ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ಯಜಮಾನರು ಒಂದು ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಒಣಗಿದ ಕೊಬ್ಬರಿ ಲೊಡಲೊಡ ಅಂದಿತು.

"ನೋಡಮ್ಮ, ಹೆಂಗೆ ಮಾಗವೆ! ಇಷ್ಟು ಬಿರ್ರನೆ ಯಾವ್ ವರ್ಸಾನೂ ಆಗಿರ್ನಿಲ್ಲ. ಆಯಮ್ಮನ ಕೈಗುಣ ಕಣಮ್ಮ."

"ಇನ್ಮೇಲೆ ಅವರು?" ಅಂದೆ.

"ಅಟ್ಟ ಖಾಲಿ ಆಯ್ತಲ್ಲ. ಮುಂದಿನ ಕಾಯಿ ಹಾಕೋಕೆ ಇನ್ನೂ ದಿನ ಐತೆ. ಮೇಸ್ತ್ರಿ ಪೊಳ್ಳಾಚಿ ಕಡೆ ಹೊಂಟವ್ನಂತೆ, ಇವ್ರನ್ನೂ ಕರ್ಕೊಂಡೋಯ್ತಾನೆ."

"ತುಂಬಿದ ಬಸುರಿ ಕಣ್ರೀ. ಹೆರಿಗೆ ಆಗೋವರೆಗೂ ಇರಲಿ ಬಿಡಿ."

"ಅದ್ಕೇ ಕಣಮ್ಮ ನಂಗೆ ದಿಗಿಲು. ನಾಳೆ ಏನಾರ ಹೆಚ್ಚುಕಮ್ಮಿ ಆದ್ರೆ ನಮ್ ತಲೆಗೆ ಬತ್ತದೆ. ಬುಡಿ, ನಿಮ್ಗೆ ಅರ್ಥ ಆಗಾಕಿಲ್ಲ."

ಕೆಟ್ಟ ಮನುಷ್ಯನಲ್ಲ. ಅವಳಿಗೆ ಎರಡು ಸೀರೆ, ಒಂದು ಚೀಲ ರಾಗಿ ಹಿಟ್ಟು ಕೊಟ್ಟು ಕಳಿಸಿದರು. ಕೆಟ್ಟವನಾಗಿದ್ದರೆ ಜಗಳವಾಡಿಯಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನನ್ನ ಆಫೀಸಿಗೆ ಫೋನ್ ಮಾಡಿದೆ. ತಡೆಯುವುದು ನಮ್ಮ ಕೆಲಸವಲ್ಲ, ಎಲ್ಲಿಗೆ ಹೋದರು ಎಂದು ತಿಳಿಸಿದರೆ ಸಾಕು ಅಂದರು. ಒಳಗೆ ಹೋಗಿ, ನನ್ನ ಮನೆಗೇ ಬಾ ಎಂದು ಅವಳನ್ನು ಕರೆದೆ. ಮೇಸ್ತ್ರಿಯನ್ನು ಬಿಟ್ಟರೆ ಗಂಡನಿಗೆ ಕೆಲಸ ಹೋಗುತ್ತದೆ ಎಂದು ಒಪ್ಪಲಿಲ್ಲ.

ಅವಳು ತಣ್ಣಗಾದ ಒಲೆಯ ಮುಂದೆ ಗಂಟು ಕಟ್ಟುತ್ತಿದ್ದಳು. ಅವಳಿಗೂ ಗೊತ್ತಾಗಿತ್ತು. "ನಾನೇ ಜಾಸ್ತಿ ಉರಿ ಹಾಕ್ಬುಟ್ಟೆ ಅಲ್ವಾ ಅಕ್ಕ?" ಅಂದಳು. ಗಂಟಿನ ಒಂದು ತುದಿ ಹಿಡಿದು ಬಿಗಿಯಲು ಸಹಾಯ ಮಾಡಿದೆ.

ಆಮೇಲೆ ಅವರ ಫೋನು ಬಹಳ ದಿನ ಹತ್ತಲಿಲ್ಲ. ಬೆಳಿಗ್ಗೆ ಆಫೀಸಿನಲ್ಲಿ ಕೂತ ಕೂಡಲೇ ಮೊದಲು ಅವರದೇ ನಂಬರ್ ಒತ್ತುತ್ತಿದ್ದೆ, ಹತ್ತುವುದಿಲ್ಲ ಎಂದು ಗೊತ್ತಿದ್ದೂ ಒತ್ತುತ್ತಿದ್ದೆ. ಒಂದು ಮಧ್ಯಾಹ್ನ ಗಂಡನೇ ಎತ್ತಿದ. ಪೊಳ್ಳಾಚಿಯನ್ನೂ ಬಿಟ್ಟು ಇನ್ನೆಲ್ಲಿಗೋ ಹೋಗಿದ್ದರು. ಎಲ್ಲಿದ್ದೀರಿ ಎಂದು ಕೇಳಿದೆ, ಏನೋ ಹೇಳಿದ, ಬರೆದುಕೊಂಡೆ. ಹೆರಿಗೆ ಎಲ್ಲಾಯಿತು ಅಂದೆ. ಇಲ್ಲಿಂದ ಹೋಗುವಾಗ ದಾರಿಯಲ್ಲೇ, ಗಾಡಿ ನಿಲ್ಲಿಸಿದ ಕಡೆ ಆಯಿತು ಅಂದ. ಸುತ್ತ ಹೊಲ, ಊರ ಬೋರ್ಡು ಯಾವುದೂ ಕಾಣಲಿಲ್ಲವಂತೆ.

ಅವಳು ಫೋನು ಕಸಿದುಕೊಂಡಳು.

"ಅಕ್ಕ, ಹೆಣ್ಣು ಮಗು. ಚೆನ್ನಾಗವ್ಳೆ ಕಣಕ್ಕ." ಅದೇ ಉಸಿರಿನಲ್ಲಿ, "ಇವ್ಳಿಗೆ ಒಂದು ಊರಿನ ಹೆಸರು ಹೇಳಿ ಅಕ್ಕ. ನಾಳೆ ಕೇಳ್ತಾಳಲ್ಲ, ಎಲ್ಲಿ ಹುಟ್ದೆ ಅಂತ."

ಎಲ್ಲರಿಗೂ ನೀವು ಯಾವ ಊರು ಎಂದು ಕೇಳುತ್ತಾ ಬಂದವಳು ನಾನು. ಊರೊಂದನ್ನು ಕೊಡಿ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಆ ತೋಟದ ಊರಿನ ಹೆಸರನ್ನೇ ಹೇಳಮ್ಮ ಅಂದೆ.

"ಅದು ಬ್ಯಾಡ ಅಕ್ಕ. ಅಲ್ಲಿಂದ ಕಳಿಸ್ಬುಟ್ರಲ್ಲ."

"ಹಾಗಾದರೆ ಕಂದಿಕೆರೆ ಅಂತ ಹೇಳು. ನಾನು ಹುಟ್ಟಿದೂರು."

ಅವಳು ಮಗುವಿನ ಕಡೆ ತಿರುಗಿ ಆ ಹೆಸರನ್ನು ನಿಧಾನವಾಗಿ ಹೇಳಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದಳು.

"ಅಲ್ಲಿ ದೊಡ್ಡ ಹೊಳೆ ಐತಾ ಅಕ್ಕ?"

"ಇಲ್ಲ ಕಣಮ್ಮ."

"ಹಂಗಾದ್ರೆ ಅದೇ ಇರ್ಲಿ" ಅಂದಳು.