ಊರಿಂದ ಬಂದ ತಮ್ಮ

ಡೊಂಬಿವಲಿಯ ಚಾಳಿನಲ್ಲಿ ಬೆಳಗಿನ ಆರು ಗಂಟೆ. ದೇಜಪ್ಪ ಮೊಣಕಾಲೂರಿ ಮಂಚದ ಸಂದುಗಳಿಗೆ ತಿಗಣೆ ಔಷಧಿ ಹೊಡೆಯುತ್ತಿದ್ದಾರೆ. ಹೆಂಡತಿ ಸುಂದರಿ ಹಾಸಿಗೆಯ ಹೊಲಿಗೆಗಳನ್ನು ಬಿಡಿಸಿ ನೋಡುತ್ತಿದ್ದಾರೆ. ಮನೆ ಇವರದಲ್ಲ; ಒಡತಿ ವಿಜಾಪುರದ ಕಡೆಯವರು. ಕಾಶವ್ವ ಎಂದು ಕರೆಯೋಣ. ಸಂಜೆ ನಾಲ್ಕಕ್ಕೆ ಅವರ ಮಗಳನ್ನು ನೋಡಲು ಗಂಡಿನವರು ಬರುತ್ತಾರೆ. ಹೋದ ವರ್ಷ ಬಂದವರು ಇದೇ ಮಂಚದ ಮೇಲೆ ಕೂತು, ತೊಡೆ ತುರಿಸಿಕೊಳ್ಳುತ್ತ ಎದ್ದು ಹೋದರು. ಮತ್ತೆ ಸುದ್ದಿಯಿಲ್ಲ.

"ಯಾರು ಬಂದಾರ್ರೀ?" ಹೊರಗಿನಿಂದ ಪಕ್ಕದ ಮನೆಯಾಕೆಯ ದನಿ.

"ನನ್ನ ತಮ್ಮ. ಊರಿಂದ ಬಂದಾನ!" ಕಾಶವ್ವ ಬಾಗಿಲು ತೆರೆಯದೆ ಕೂಗುತ್ತಾರೆ.

ದೇಜಪ್ಪ ಉಡುಪಿಯ ಕಡೆಯವರು. ಠಾಣೆಯ ಹೋಟೆಲಿನ ಅಡುಗೆಮನೆಯಲ್ಲಿ ಜಿರಳೆ ಓಡಿಸುತ್ತ ಈ ಕೆಲಸ ಕಲಿತು, ಹನ್ನೊಂದು ವರ್ಷದ ಹಿಂದೆ, ಎಪ್ಪತ್ತಮೂರನೇ ಇಸವಿಯಲ್ಲಿ, ಸ್ವಂತ ಪಂಪು ಕೊಂಡರು. ಸೈಕಲ್ಲಿಗೆ ತಿಗಣೆ ಔಷಧಿಯ ದೊಡ್ಡ ಬೋರ್ಡು ಕಟ್ಟಿದ್ದರು.

"ಒಂದು ಮನೆಯ ಅಮ್ಮ ಅತ್ತೇಬಿಟ್ರು ಮಾರಾಯ್ರೆ. ಬೋರ್ಡು ನೋಡಿ ಇಡೀ ಚಾಳಿಗೆ ಗೊತ್ತಾಯ್ತು ಅಂತ. ಅವತ್ತೇ ಬಿಚ್ಚಿದೆ."

ಅಂದಿನಿಂದ ಪಂಪು ಬಟ್ಟೆಯ ಚೀಲದೊಳಗೆ. ಮೇಲೆ ಸುಂದರಿ ಒಂದು ಕಟ್ಟು ಬಾಳೆಎಲೆ ಇಡುತ್ತಾರೆ. ನೋಡಿದವರಿಗೆ ನೆಂಟರು. ಡೊಂಬಿವಲಿ, ಕಲ್ಯಾಣ ಗಂಡಹೆಂಡತಿಗೆ. ಠಾಣೆ, ವಾಶಿ ದೇಜಪ್ಪನವರ ಸ್ವಂತ ತಮ್ಮ ಗುಣಪಾಲನಿಗೆ. ದಿನಕ್ಕೆ ನಾಲ್ಕು ಮನೆ. ಔಷಧಿ ಹೊಡೆಸಿಕೊಂಡವರು ಲೋಕಲ್ ಟ್ರೈನಿನಲ್ಲಿ ಸಿಕ್ಕರೆ ಇವರೇ ಮುಖ ತಿರುಗಿಸುತ್ತಾರೆ. "ನಾವು ಗುರುತು ಹೇಳಿದ್ರೆ ಅವರಿಗೆ ನಾಚಿಕೆ ಅಲ್ವಾ?" ಎನ್ನುತ್ತಾರೆ ಸುಂದರಿ. ಮದುವೆಗಳಿಗೆ ಅವರನ್ನು ಯಾರೂ ಕರೆದದ್ದಿಲ್ಲ.

ಹೊರಡುವಾಗ ಕಾಶವ್ವ ತಡೆಯುತ್ತಾರೆ. "ತಮ್ಮ ಅಂತ ಹೇಳೀನಿ. ನಾಕಕ್ಕ ನೀ ಬರದಿದ್ರ ಮಂದಿ ಏನಂದಾರು? ಹುಡುಗಿ ಸೋದರಮಾವ ಇರಬೇಕಪಾ."

ದೇಜಪ್ಪ ಹೆಂಡತಿಯ ಮುಖ ನೋಡುತ್ತಾರೆ.

"ಬರುವ. ಕಲ್ಯಾಣದ ಮನೆ ನಾಳೆಗೆ ಇರ್ಲಿ," ಸುಂದರಿ ನಗುತ್ತಾರೆ. "ಆದ್ರೆ ನೀವು ಬಾಯಿ ಬಿಡ್ಬೇಡಿ. ವಿಜಾಪುರದ ತಮ್ಮ ಉಡುಪಿ ಮಾತಾಡಿದ್ರೆ ಕಥೆ ಮುಗೀತು."

ನಾಲ್ಕಕ್ಕೆ ದೇಜಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮೂಲೆಯಲ್ಲಿ ಕೂತಿದ್ದಾರೆ. ಗಂಡಿನ ತಾಯಿ ಮಂಚದ ಮೇಲೆ. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ದೇಜಪ್ಪನವರ ಕಣ್ಣು ಆ ತಾಯಿಯ ಕೈಗಳ ಮೇಲೆ. ಅವಲಕ್ಕಿ ಮುಗಿಯುತ್ತದೆ. ಚಹಾ ಎರಡನೆಯ ಸಲ ಬರುತ್ತದೆ. "ಬರೋ ಸೋಮವಾರ ನೀವು ನಮ್ಮ ಮನಿಗೆ ಬರ್ರಿ," ಎನ್ನುತ್ತಾರೆ ಆಕೆ. ಆಮೇಲೆ ಮೂಲೆಯತ್ತ ತಿರುಗಿ, "ಮಾವನೋರೂ ಬರಬೇಕ್ರಿ."

ದೇಜಪ್ಪ ಕೈ ಮುಗಿಯುತ್ತಾರೆ. 

ಸ್ಟೇಷನ್ನಿನ ದಾರಿಯಲ್ಲಿ ಕೊನೆಗೂ ಬಾಯಿ ಬಿಡುತ್ತಾರೆ: "ಒಂದೂವರೆ ಗಂಟೆ ಕೂತ್ರು ಆ ಅಮ್ಮ, ಸುಂದರಿ. ಕೈ ಒಂದ್ಸಲವೂ ತುರಿಸ್ಲಿಕ್ಕೆ ಹೋಗ್ಲಿಲ್ಲ."