ಜಿಂಕೆಯ ಹಲ್ಲು ನೋಡುವ ಪಂಚಾಕ್ಷರಿ

ಡಿಸೆಂಬರಿನ ಬೆಳಗು. ಕ್ರ್ಯಾನ್‌ಬರಿಯಿಂದ ಒಂದಷ್ಟು ದೂರ, ಓಕ್ ಮರಗಳ ಕಾಡಿನ ಅಂಚಿನಲ್ಲಿರುವ ತಗಡಿನ ಶೆಡ್ಡಿನ ಮುಂದೆ ಮೊದಲ ಪಿಕಪ್ ಬಂದು ನಿಂತಿದೆ. ಅದರ ಹಿಂಭಾಗದಲ್ಲಿ ಗುಂಡು ತಗುಲಿದ ಹೆಣ್ಣು ಜಿಂಕೆ ಮಲಗಿದೆ. ಮಂಕಿ ಕ್ಯಾಪಿನ ಮೇಲೆ ಮಫ್ಲರ್ ಸುತ್ತಿಕೊಂಡ ಪಂಚಾಕ್ಷರಿಯವರು ಬಾಗುತ್ತಾರೆ. ಬಲಗೈಯಲ್ಲಿ ಉಕ್ಕಿನ ಸಲಾಕೆ, ಎಡಗೈಯಲ್ಲಿ ಟಾರ್ಚು. ದವಡೆ ಅಗಲಿಸಿ ಒಳಗೆ ಬೆಳಕು ಬಿಡುತ್ತಾರೆ. ಹಾಲುಹಲ್ಲು ಈಗಷ್ಟೇ ಬಿದ್ದು ಹೊಸದು ಮೂಡಿದೆ. ಒಂದೂವರೆ ವರ್ಷ ಎಂದು ಬರೆದುಕೊಂಡು, ತೂಕ ನೋಡಿ, ಸಲಾಕೆ ತೊಳೆದು ಮುಂದಿನ ಗಾಡಿಗೆ ಕಾಯುತ್ತಾರೆ.

ಧಾರವಾಡದ ಪಂಚಾಕ್ಷರಿ ಬೆಂಗಳೂರಿನಲ್ಲಿ ಓದಿದ ದಂತವೈದ್ಯರು. ೧೯೬೯ರಲ್ಲಿ ಹೆಂಡತಿ ಕಲಾ ಮತ್ತು ಹಸುಗೂಸಿನೊಂದಿಗೆ ಇಲ್ಲಿಗೆ, ಅಮೆರಿಕಕ್ಕೆ, ಬಂದಿಳಿದ ಮೇಲೆ ಗೊತ್ತಾಯಿತು, ಅಲ್ಲಿಯ ಡಿಗ್ರಿಗೆ ಇಲ್ಲಿ ಬೆಲೆಯಿಲ್ಲ, ಮತ್ತೆ ಓದಬೇಕು. ಓದುವ ಅನುಕೂಲವಿರಲಿಲ್ಲ. ಸೀಕಾಕಸ್‌ನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದರು. ಬೇಟೆಗಾರರು ಹೊಡೆದು ತರುವ ಜಿಂಕೆಗಳ ವಯಸ್ಸನ್ನು ಹಲ್ಲು ನೋಡಿ ಹೇಳುವವರು ಬೇಕಾಗಿದ್ದಾರೆ ಎಂಬ ವನ್ಯಜೀವಿ ಇಲಾಖೆಯ ಜಾಹೀರಾತು ಕಂಡಾಗ, ಹಲ್ಲು ಅಂದರೆ ಹಲ್ಲು ಎಂದು ಅರ್ಜಿ ಹಾಕಿಯೇಬಿಟ್ಟರು. ಮನುಷ್ಯರಾದರೆ ದಂತವೈದ್ಯರನ್ನು ಕಂಡೊಡನೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಇವರ ಬಳಿ ಬರುವವರಿಗೆ ಆ ಭಯವೂ ಇಲ್ಲ. ಬೇಟೆಯ ಕಾಲ ಮುಗಿದ ಮೇಲೆ ಕಾಡಿನೊಳಗೆ ಅಲ್ಲಲ್ಲಿ ಜಿಂಕೆ ನುಗ್ಗದಂತೆ ತಂತಿಬೇಲಿ ಹಾಕುವುದೂ ಇವರದೇ ಕೆಲಸ.

ಬೇಲಿ ಏಕೆಂದು ಕಾಡನ್ನು ನೋಡಿದರೆ ತಿಳಿಯುತ್ತದೆ. ಜಿಂಕೆಯ ಬಾಯಿಗೆ ಎಟುಕುವಷ್ಟು ಎತ್ತರದವರೆಗೆ ಒಂದು ಎಲೆಯಿಲ್ಲ, ಒಂದು ಪೊದೆಯಿಲ್ಲ, ಗುಡಿಸಿಟ್ಟ ಅಂಗಳದ ಹಾಗಿದೆ. ತೋಳಗಳು ಹೋಗಿ ಎಷ್ಟೋ ಕಾಲವಾಗಿದೆ, ಹಿಂಡು ಬೆಳೆಯುತ್ತಲೇ ಇದೆ. ವುಡ್ ಥ್ರಶ್ ಎಂಬ, ಎದೆಯ ಮೇಲೆ ಚುಕ್ಕೆಗಳಿರುವ ಕಂದು ಹಕ್ಕಿಗೆ ಗೂಡು ಕಟ್ಟಲು ಪೊದೆಯೇ ಬೇಕು. ಪೊದೆ ಹೋಯಿತು, ಹಕ್ಕಿಯೂ ಹೋಯಿತು. ಜಿಂಕೆಗಳಿಗಾದರೂ ಸುಖವಿದೆಯೇ? ಚಳಿಗಾಲದಲ್ಲಿ ಮರಿಗಳು ಹಸಿವಿನಿಂದ ಸಾಯುತ್ತವೆ. ವಯಸ್ಸಿಗೂ ತೂಕಕ್ಕೂ ತಾಳೆಯಾಗದ ಮೈಗಳನ್ನು ಪಂಚಾಕ್ಷರಿ ದಿನವೂ ನೋಡುತ್ತಾರೆ. ಇವರ ಲೆಕ್ಕ ನೋಡಿಯೇ ಹೆಣ್ಣು ಜಿಂಕೆಗಳನ್ನೂ ಹೊಡೆಯಲು ಇಲಾಖೆಯವರು ಅನುಮತಿ ಕೊಟ್ಟಿದ್ದಾರೆ. "ನಾ ಬಂದೂಕ ಮುಟ್ಟಿಲ್ರಿ. ಆದ್ರ ಹೊಡೀರಿ ಅಂದಾವ ನಾನ," ಎನ್ನುತ್ತಾರೆ.

ನಮ್ಮ ಕನ್ನಡದ ಮಂದಿ ಇವರಿಗೆ 'ಬೇಟೆ ಡಾಕ್ಟರು' ಎಂದು ಹೆಸರಿಟ್ಟಿದ್ದಾರೆ. ಯುಗಾದಿ ಊಟದಲ್ಲಿ ಪಕ್ಕದ ಎಲೆ ಸ್ವಲ್ಪ ದೂರ ಸರಿದದ್ದನ್ನು ಕಲಾ ಇನ್ನೂ ಮರೆತಿಲ್ಲ. ಮೊಟ್ಟೆಯನ್ನೂ ಮುಟ್ಟದ, ಬೆಳಿಗ್ಗೆ ಲಿಂಗಪೂಜೆಯಾಗದೆ ಕಾಫಿ ಕುಡಿಯದ ಮನುಷ್ಯ ಇವರು. ಅದನ್ನೆಲ್ಲ ಪಂಚಾಕ್ಷರಿ ನಕ್ಕು ಮರೆಯುತ್ತಾರೆ. ಮರೆಯಲಾಗದ್ದು ಮನೆಯಲ್ಲಿದೆ.

ಅಂದಿನ ಹಸುಗೂಸು, ಮಗಳು ಪದ್ಮಜಾಗೆ ಈಗ ಎಂಟು. ಹಿತ್ತಿಲಿಗೆ ಬರುವ ಜಿಂಕೆಗೆ ಸೇಬು ತಿನ್ನಿಸಿ ಬೆಳೆದವಳು. ಕಳೆದ ಚಳಿಗಾಲದಲ್ಲಿ ಇಲ್ಲಿಯ ಪತ್ರಿಕೆಯೊಂದರಲ್ಲಿ ಸತ್ತ ಜಿಂಕೆಯ ಬಾಯಿ ತೆರೆದು ಹಿಡಿದಿರುವ ಅಪ್ಪನ ಫೋಟೊ ಬಂತು, ಶಾಲೆಯಲ್ಲಿ ಎಲ್ಲರೂ ನೋಡಿದರು. ಅಂದಿನಿಂದ ಅವಳು ಅಪ್ಪನ ಕೈತುತ್ತು ತಿನ್ನುವುದಿಲ್ಲ. ಹಾಲುಹಲ್ಲು ಅಲ್ಲಾಡಿದರೂ ಅಮ್ಮನಿಗೇ ತೋರಿಸುತ್ತಾಳೆ.

ದವಡೆಯೊಳಗೆ ಎಡಗೈ ಹಾಕದಿರುವುದನ್ನು ಬೆಳಿಗ್ಗೆಯೇ ಗಮನಿಸಿದ್ದೆ. ಏಕೆಂದು ಕೇಳಿದರೆ ಟಾರ್ಚು ಕೆಳಗಿಟ್ಟು ಆ ಕೈ ಬಿಡಿಸಿ ತೋರಿಸುತ್ತಾರೆ.

"ಈ ಅಂಗೈಯಾಗ ಲಿಂಗ ಇಟ್ಕೊಂಡು ಪೂಜಾ ಮಾಡ್ತೀನ್ರಿ. ಇದೊಂದರೆ ಇರ್ಲಿ ಅಂತ ದೂರ ಇಟ್ಟೀನಿ. ಮಗಳಿಗೆ ತುತ್ತು ಕೊಡೂದು ಬಲಗೈಲೆ. ಅದನ್ನ ಎಲ್ಲೆ ಇಡ್ಲಿ?"

ಕೇಳಿ ನನಗೆ ದುಃಖವಾಗುತ್ತದೆ.

ಕಳೆದ ಮೇ ತಿಂಗಳಲ್ಲಿ ಮಗಳನ್ನು ಪುಸಲಾಯಿಸಿ ಕಾಡಿಗೆ ಕರೆದೊಯ್ದಿದ್ದರಂತೆ. ತಾವೇ ಹಾಕಿದ ಬೇಲಿಯೊಳಗೆ ಮೊಣಕಾಲೆತ್ತರಕ್ಕೆ ಹಸಿರು ಎದ್ದಿತ್ತು. ಅದನ್ನು ತೋರಿಸಿ, ಕಾಡೆಲ್ಲ ಹೀಗಾದರೆ ಹಕ್ಕಿ ತಿರುಗಿ ಬರುತ್ತದೆ, ಅದಕ್ಕಾಗಿಯೇ ಅಪ್ಪ ಆ ಕೆಲಸ ಮಾಡುವುದು ಎಂದು ತಿಳಿಸಿ ಹೇಳಿದರು. ಇಬ್ಬರೂ ಬಿದ್ದ ಮರದ ಮೇಲೆ ಕೂತು ಕಾದರು. ಯಾವ ಹಕ್ಕಿಯೂ ಬರಲಿಲ್ಲ. ಕೊನೆಗೆ ಪದ್ಮಜಾ ತಾನಾಗಿಯೇ ಬಾಯಿ ಬಿಟ್ಟು, ಅದು ಹೇಗೆ ಹಾಡುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪಂಚಾಕ್ಷರಿಗೆ ಹೇಳಲಾಗಲಿಲ್ಲ. ಅವರು ಕೆಲಸಕ್ಕೆ ಸೇರುವ ಮೊದಲೇ ಹಕ್ಕಿ ಈ ಕಾಡು ಬಿಟ್ಟಿತ್ತು. ಬೇರೆ ಕಡೆ ಡ್ರೈವ್ ಮಾಡಿಕೊಂಡು ಹೋದರೆ ಕೇಳಬಹುದು. ಕೇಳಿದರೆ ಇಲ್ಲೇ ಕೇಳಬೇಕೆಂದು ಹಟ ಹಿಡಿದು ಅವರು ಎಲ್ಲಿಗೂ ಹೋಗಿಲ್ಲ.

ಹಕ್ಕಿ ಬರಲು ಎಷ್ಟು ವರ್ಷ ಬೇಕೋ ಯಾರಿಗೂ ಖಚಿತವಿಲ್ಲ. ಹತ್ತಾಗಬಹುದು, ಇಪ್ಪತ್ತಾಗಬಹುದು. ಇನ್ನೊಂದು ಪಿಕಪ್ ಒಳಗೆ ಬರುತ್ತಿದೆ. ನಿಮ್ಮ ಆಸೆ ಏನು ಸರ್ ಎಂದು ಕೇಳುತ್ತೇನೆ.

"ನೀ ಮಾಡಿದ್ದು ಖರೇ ಅಂತ ಆಕಿ ಅನ್ನೂದು ಬ್ಯಾಡ್ರಿ," ಎನ್ನುತ್ತಾರೆ ಪಂಚಾಕ್ಷರಿ, ಗಾಡಿಯ ಕಡೆ ನಡೆಯುತ್ತ. "ಆಕಿ ಸಣ್ಣಾಕಿ ಇರೂದ್ರಾಗ ಆ ಹಕ್ಕಿ ಒಂದು ಬರ್ಲಿ. ದೊಡ್ಡಾಕಿ ಆದಮ್ಯಾಲೆ ನನ್ನ ಸಂಗಾಟ ಕಾಡಿಗೆ ಯಾಕ ಬರ್ತಾಳ್ರಿ?"