ಹೆಪ್ಪಿಗೆ ಬರುತ್ತಿದ್ದವರು

ನಮ್ಮ ಮನೆಯಲ್ಲಿ ಎಮ್ಮೆ ಇತ್ತು. ಬಿಳಿಗೆರೆ ಕಡೆಯ ನಮ್ಮ ಕೇರಿಯ ಸೊಸೆಯರು ಹೆಪ್ಪು ಬೇಕೆಂದು ಬಟ್ಟಲು ಹಿಡಿದು ನಮ್ಮಲ್ಲಿಗೇ ಬರುತ್ತಿದ್ದರು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು, ಹಾಗಾಗಿ ಹೊತ್ತಿರುವಾಗಲೇ ಬಂದು ಕೂರುತ್ತಿದ್ದರು. ಅತ್ತೆಯ ಮುಂದೆ ಆಡಲಾಗದ್ದನ್ನು ಅಲ್ಲಿ ಆಡುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ, ಅಷ್ಟೇ.

ಎಪ್ಪತ್ತರ ದಶಕದ ಕೊನೆಯಲ್ಲಿ ಸರ್ಕಾರಿ ಆಸ್ಪತ್ರೆ ಕಡೆಯಿಂದ ಒಬ್ಬ ಹುಡುಗಿ ಬಂದಳು. ನಾವು ಅಟ್ಟದಿಂದ ಇಳಿಸಿದ ಒಣಗಾಯಿ ಕೆತ್ತಿ ಕೊಬ್ಬರಿ ಬಿಡಿಸುತ್ತಿದ್ದೆವು. ಕಷ್ಟ ಬಂದರೆ ಯಾರ ಹತ್ತಿರ ಹೋಗುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದಳು. ಅತ್ತೆಯರು ಪಕ್ಕದಲ್ಲೇ ಕೂತಿದ್ದರು, ತವರಿನ ಮಾತೆತ್ತಿದರೆ ಜಗಳ. ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಹುಡುಗಿ ಹಾಳೆಯ ಮೇಲೆ ತಲೆಗೊಂದು ಸೊನ್ನೆ ಬರೆದು ಗೆರೆ ಎಳೆದಳು. ಗೆರೆಗಳೆಲ್ಲ ನನ್ನ ಸೊನ್ನೆಗೆ ಬಂದು ಸೇರಿದವು.

"ನೋಡಿ ಅಮ್ಮ, ಈ ಕೇರಿಗೆ ನೀವೇ ಮುಖ್ಯ."

"ಮುಖ್ಯ ಇವಳಲ್ಲ ಕಣವ್ವ, ಇವಳ ಎಮ್ಮೆ. ಅದ್ಕೂ ಒಂದು ಸೊನ್ನೆ ಹಾಕು," ಎಂದಳು ಪಕ್ಕದವಳು. ಎಲ್ಲರೂ ನಕ್ಕೆವು.

ಆಸ್ಪತ್ರೆಯವರು ನಗಲಿಲ್ಲ. ನನ್ನನ್ನು ಕರೆಸಿ ಕುರ್ಚಿ ಕೊಟ್ಟರು. ಮಕ್ಕಳು ಸಾಕೆನ್ನುವವರನ್ನು ಆಪರೇಷನ್ನಿಗೆ ಒಪ್ಪಿಸಬೇಕೆಂದರು. ಒಪ್ಪಿದೆ. ಆಪರೇಷನ್ ಕೆಟ್ಟದ್ದೆಂದು ಈಗಲೂ ಹೇಳುವುದಿಲ್ಲ. ಆದರೆ ಆಸ್ಪತ್ರೆಯ ಜೀಪು ನಮ್ಮ ಬಾಗಿಲಿಗೇ ಬಂದು ನಿಲ್ಲತೊಡಗಿತು. ಅತ್ತೆಯರು ಹೆದರಿಕೊಂಡರು.

"ಹೆಪ್ಪಿಗೆ ಅಂತ ಹೋಗು, ಜೀಪು ಹತ್ತುಸ್ತಾಳೆ. ಹುಳಿಮಜ್ಜಿಗೆ ಐತಲ್ಲ, ಅದ್ನೇ ಹಾಕೇ," ಎಂದು ಹಿಂದಿನ ಮನೆಯವಳು ಸೊಸೆಯನ್ನು ಗದರಿಸಿದ್ದು ನನ್ನ ಹಿತ್ತಿಲಿಗೇ ಕೇಳಿಸಿತು.

ಆ ಸೊಸೆ ಚೊಚ್ಚಲ ಬಸುರಿ. ದಿನಾ ಬರುತ್ತಿದ್ದವಳು ನಿಲ್ಲಿಸಿದಳು. ಬಾವಿಯ ಹತ್ತಿರ ಸಿಕ್ಕಾಗ ಕೇಳಿದೆ, "ಯಾಕೆ ಬರಕಿಲ್ಲ?"

"ಅತ್ತೆ ಬೈತಾಳೆ ಕಣಕ್ಕ, ಬುಡು." ಕೊಡ ಎತ್ತಿಕೊಂಡು ಹೊರಟೇಬಿಟ್ಟಳು.

ಅವಳಿಗೆ ಮೈ ಊದಿ, ಕಣ್ಣು ಮಂಜಾಗುತ್ತಿತ್ತೆಂದು ನನಗೆ ಗೊತ್ತಾದದ್ದು ತಿಪಟೂರಿನ ಆಸ್ಪತ್ರೆಗೆ ಗಾಡಿ ಕಟ್ಟಿದ ದಿನ. ಅವಳು ಉಳಿದಳು. ಮಗು ಉಳಿಯಲಿಲ್ಲ. ಮುಂಚಿನಂತೆ ಬಂದು ಕೂತಿದ್ದರೆ ನನ್ನ ಕಣ್ಣಿಗೆ ಬೀಳುತ್ತಿತ್ತು, ಬೇಗ ಕಳಿಸುತ್ತಿದ್ದೆ. ಕೇರಿಯ ಹೆಂಗಸರನ್ನು ಆಸ್ಪತ್ರೆಗೆ ಕಳಿಸಲೆಂದೇ ನನ್ನನ್ನು ಹುಡುಕಿದ್ದರು. ಹೋಗಲೇಬೇಕಾದವಳು ನನ್ನ ಹತ್ತಿರ ಬರದಂತಾಯಿತು.

ವಾಪಸು ಬಂದಮೇಲೆ ನೋಡಲು ಹೋದೆ. ಗೋಡೆಗೆ ಒರಗಿ ಕೂತಿದ್ದಳು.

"ನಿಂಗೆ ಹೇಳನ ಅಂತಲೇ ಇದ್ದೆ ಕಣಕ್ಕ," ಎಂದಳು.

ಅಷ್ಟರಲ್ಲಿ ಅವಳ ಅತ್ತೆ ಒಳಗಿನಿಂದ ಬಂದು ನಿಂತಳು. ನಾನು ಎದ್ದು ಬಂದೆ. ಇನ್ನೊಂದು ಗಳಿಗೆ ಕೂತಿರಬಹುದಿತ್ತು.